ಕೆಚ್ಚಲಿಗೆ ತಂದ ಮುಲಾಮು

ಮಾರ್ಗಶಿರ ಹುಟ್ಟಿತೆಂದರೆ ನಮ್ಮ ದೇವಲಾಪುರದ ಕಡೆ ಎಲ್ಲರ ಚರ್ಮವೂ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಉಗುರಿನಿಂದ ಗೀರಿದರೆ ತೋಳಿನ ಮೇಲೆ ಹೆಸರು ಬರೆಯಬಹುದು. ಬಾಟಲಿಯ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಕೂತುಬಿಡುತ್ತದೆ. ಅದನ್ನು ಒಲೆಯ ಪಕ್ಕ ಇಟ್ಟು ಕರಗಿಸಿ ಮನೆಮಂದಿಗೆಲ್ಲ ಹಂಚುವುದು ಸೊಸೆಯಾದ ನನ್ನ ಕೆಲಸ. ಎಲ್ಲರೂ ಅಂಗೈ ಒಡ್ಡುತ್ತಾರೆ, ನನ್ನ ಅತ್ತೆಯೊಬ್ಬರನ್ನು ಬಿಟ್ಟು.

ಅಂಗೈ ಬಿರಿದು ರಕ್ತ ಜಿನುಗಿದರೂ ಅವರದು ಒಂದೇ ಮಾತು: "ಗೇಯೋ ಕೈ ಇಂಗೇ ಇರ್ತದೆ ಬುಡು." ಒಂದು ವರ್ಷ ನಾನು ನಾಗಮಂಗಲದಿಂದ ಗುಲಾಬಿ ವಾಸನೆಯ ಕ್ರೀಮು ತಂದುಕೊಟ್ಟೆ. ಮೂಸಿ ನೋಡಿದರು. "ಒಟ್ಟೆಗೆ ಇಟ್ಟಿಲ್ದಿದ್ರೂ ಜುಟ್ಗೆ ಮಲ್ಗೆ ಊವ. ಈ ವಯಸ್ನಲ್ಲಿ ನನ್ನ ಯಾರಾದ್ರೂ ಎಣ್ಣು ನೋಡಕ್ ಬತ್ತಾವ್ರಾ?" ಎಂದು ಡಬ್ಬಿಯನ್ನು ನನ್ನ ಕೈಗೇ ತುರುಕಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಎದುರಿಗೇ ಕೂತು ಮೊಣಕೈವರೆಗೂ ಬಳಿದುಕೊಂಡೆ.

ನಮ್ಮ ಸೀಮೆಹಸುವಿಗೆ ಮಾತ್ರ ನನ್ನಷ್ಟು ತಾಳ್ಮೆ ಇರಲಿಲ್ಲ. ಅದು ಕರುವಾಗಿದ್ದಾಗಿನಿಂದ ಅತ್ತೆಯ ಕೈಯಲ್ಲೇ ಬೆಳೆದದ್ದು. ಅಂಥದ್ದು ಒಂದು ಬೆಳಿಗ್ಗೆ, ಅವರ ಒರಟು ಕೈ ತಾಗುತ್ತಲೇ ಒದ್ದುಬಿಟ್ಟಿತು. ಬಕೆಟ್ಟು ಉರುಳಿ ಹಾಲೆಲ್ಲ ಸಗಣಿಯ ಪಾಲಾಯಿತು. ಸಂಜೆಯೂ ಅದೇ ಕಥೆ. ಮರುದಿನ ಡೇರಿಯ ಹೊತ್ತಾದರೂ ಅತ್ತೆ ಕೊಟ್ಟಿಗೆಗೆ ಹೋಗದೆ ಜಗಲಿಯ ಮೇಲೆ ಕೂತಿದ್ದರು.

"ನೀನೇ ಕರಿ ಕಣಮ್ಮಿ. ಅದ್ಕೆ ನಾನು ಬ್ಯಾಡ್ವಾಗಿವ್ನಿ" ಎಂದರು.

ಇಡೀ ಬೀದಿಗೆ ಕೇಳುವಂತೆ ಮಾತಾಡುವ ಬಾಯಿ ಅಷ್ಟು ಸಣ್ಣಗೆ ಮಾತಾಡಿದ್ದು ಕೇಳಿ ನನ್ನ ಕರುಳು ಚುರುಕ್ ಎಂದಿತು. ಕೊಟ್ಟಿಗೆಯೇ ಅವರ ರಾಜ್ಯ. ಅದು ಕೈಬಿಟ್ಟರೆ ಅವರು ಸೊರಗಿಹೋಗುತ್ತಾರೆಂದು ಭಯವಾಯಿತು.

ಅತ್ತೆ ಚಾಪೆಯ ಕೆಳಗೆ ತೂರಿದರೆ ಸೊಸೆ ರಂಗೋಲಿಯ ಕೆಳಗೆ ತೂರಬೇಕಲ್ಲ! ಹಸುಗಳ ಕೆಚ್ಚಲಿಗೆ ಹಚ್ಚುವ ಮುಲಾಮು ತಂದೆ. "ಚಳಿಗೆ ಹಸುವಿನ ಮೊಲೆತೊಟ್ಟು ಒಡೆದದೆ ಅತ್ತೆ, ಅದ್ಕೇ ಒದೀತದೆ. ಎರಡೂ ಕೈಯಲ್ಲಿ ಚೆನ್ನಾಗಿ ತಿಕ್ಕಬೇಕಂತೆ" ಎಂದು ಬುರುಡೆ ಬಿಟ್ಟೆ. ತಮಗೆ ತೊಟ್ಟು ಎಣ್ಣೆ ಬೇಡವೆಂದ ಹೆಂಗಸು, ಹಸುವಿಗೆ ಎಂದೊಡನೆ ಬೆರಳ ತುಂಬ ಮುಲಾಮು ತೆಗೆದರು. ಜಿಡ್ಡಿಗೆ ಕೈ ನುಣ್ಣಗೆ ಜಾರಿದ್ದರಿಂದ ಹಸುವೂ ಸುಮ್ಮನೆ ನಿಂತಿತು. ನಾನು ಹಾಲು ಕರೆದು ಎದ್ದ ಮೇಲೆ ಎರಡು ಹೊತ್ತೂ ಇದೇ ಉಪಚಾರ. ಸಂಕ್ರಾಂತಿಯ ಹೊತ್ತಿಗೆ ಅತ್ತೆಯ ಅಂಗೈ ಬಿರುಕು ಕೂಡಿಕೊಂಡು, ಬಕೆಟ್ಟು ಮತ್ತೆ ಅವರ ತೊಡೆಯ ನಡುವೆ ಬಂದು ಕೂತಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿ ಬೀಗಿದೆ.

ಅದೇ ವಾರ ನನ್ನ ಹಿಮ್ಮಡಿ ಒಡೆಯಿತು. ಕುಂಟುತ್ತ ಹುಲ್ಲು ಹಾಕಲು ಹೋದವಳನ್ನು ಅತ್ತೆ ಎಳೆದು ಕೂರಿಸಿ, ಮುಲಾಮು ತೆಗೆದು, ನನ್ನ ಕಾಲಿಗೇ ಕೈ ಹಾಕಿದರು. ನಾನು ಗಾಬರಿಬಿದ್ದೆ.

"ಅಯ್ಯೋ, ಬೇಡಿ ಅತ್ತೆ! ದೊಡ್ಡೋರು ನೀವು, ನನ್ನ ಕಾಲು ಮುಟ್ಟೋದಾ!"

"ಸುಮ್ಕಿರು. ದಿನಾ ಅಸ ಕರ್ಯೋಳು ನಾನು. ಅದ್ರ ತೊಟ್ಟು ಒಡ್ದಿರ್ನಿಲ್ಲ ಅಂತ ನಂಗೊತ್ತಿಲ್ವಾ?" ಎಂದು ಹಿಮ್ಮಡಿಯನ್ನು ಮೆಲ್ಲಗೆ ತಿಕ್ಕತೊಡಗಿದರು. "ಕೈಗೆ ಅಚ್ಕಳಕೆ ನಂಗೂ ಒಂದು ನೆಪ ಬೇಕಿತ್ತು ಕಣಮ್ಮಿ."