ಇಲಿ ಹಾಕಿದ ಸ್ವರ

ಬೆಂಗಳೂರಿನ ಮೊದಲ ಗಾಡಿ ಇನ್ನೂ ಬಂದಿಲ್ಲ. ಮಾಲೂರು ರೈಲು ನಿಲ್ದಾಣದ ಎದುರು ಬಾಗಿಲು ತೆಗೆದಿರುವುದು ಗಂಗುಲಪ್ಪನವರ ರೇಡಿಯೋ ರಿಪೇರಿ ಅಂಗಡಿಯೊಂದೇ. ರಿಪೇರಿಗೆ ಬಂದ ರೇಡಿಯೋಗಳು ಮೂಲೆಯಲ್ಲಿ ಬಿದ್ದಿವೆ. ಅವರು ಮಾತ್ರ ಯಾರದೋ ಲಗ್ನಪತ್ರಿಕೆಗೆ ಮೊಳೆಯಿಂದ ತೂತು ಹೊಡೆಯುತ್ತಿದ್ದಾರೆ.

"ಮದ್ವೆ ಮುಗೀತಲ್ಲ, ಇನ್ನು ಹಾಡಾಗ್ಲಿ ಬಿಡಿ," ಎನ್ನುತ್ತಾರೆ, ತಲೆಯೆತ್ತದೆ.

ಹೌದು, ಹಾಡೇ. ಗುಜರಿಯಲ್ಲಿ ಸಿಕ್ಕ ಗಿಟಾರಿನ ಕತ್ತಿನ ಮೇಲೆ ಬೆರಳಿಡುವ ಜಾಗಕ್ಕೊಂದರಂತೆ ಎಪ್ಪತ್ತೆರಡು ಕೆಂಪು ದೀಪ ಕೂರಿಸಿದ್ದಾರೆ. ತೂತು ಹೊಡೆದ ಲಗ್ನಪತ್ರಿಕೆಗಳನ್ನು ಉದ್ದಕ್ಕೆ ಅಂಟಿಸಿದ ಪಟ್ಟಿಯನ್ನು ಹಿಡಿ ತಿರುಗಿಸಿ ಓಡಿಸಿದರೆ, ತೂತು ಬಂದಾಗಲೆಲ್ಲ ಒಂದು ದೀಪ ಹತ್ತುತ್ತದೆ. ಅಲ್ಲಿ ಬೆರಳಿಟ್ಟು ಮೀಟಿದರಾಯಿತು, ಹಳೇ ರೇಡಿಯೋ ಡಬ್ಬಿಯಿಂದ ಸ್ವರ ಹೊರಡುತ್ತದೆ. ಒಂದು ಹಾಡಿಗೆ ಹನ್ನೊಂದು ಪತ್ರಿಕೆ, ನಾಲ್ಕು ಟಾರ್ಚ್ ಸೆಲ್ಲು, ಒಂದು ವಾರದ ಬೆಳಗಿನ ಜಾವ.

ಲಕ್ಕೂರಿನ ಈ ರೈತನ ಮಗನಿಗೆ ಚಿಕ್ಕಂದಿನಲ್ಲಿ ಸಂಗೀತದ ಆಸೆ, ಕಲಿಸುವವರಿರಲಿಲ್ಲ. ಎಂಬತ್ಮೂರನೇ ಇಸವಿಯಲ್ಲಿ ಶುರುವಾದ ಕೆಲಸ ಮೂರು ವರ್ಷ ತಿಂದಿದೆ. "ನಮ್ಮನೆ ರೇಡಿಯೋನೇ ಮೂಗಾಗಿ ಕೂತದೆ ಕಣಪ್ಪ, ಇವ್ರಿಗೆ ಊರಿಗೆಲ್ಲ ಹಾಡು ಕಲಿಸೋ ಹುಚ್ಚು," ಎಂದು ಹೆಂಡತಿ ಮುನಿಯಲ್ಲಮ್ಮ ನಗುತ್ತಾರೆ.

ಸಂಗೀತದ ಮೇಷ್ಟ್ರು ಕೋದಂಡರಾಮಪ್ಪನವರ ಬಳಿ ಇಪ್ಪತ್ತು ಮಕ್ಕಳು ಪಾಠಕ್ಕೆ ಬರುತ್ತಾರೆ. ಅವರು ಒಪ್ಪಿದರೆ ಗಿಟಾರು ಪಾಠಕ್ಕೆ, ಇಲ್ಲದಿದ್ದರೆ ವಾಪಸ್ಸು ಗುಜರಿಗೆ. ಮೇಷ್ಟ್ರು ಖಡಾಖಂಡಿತವಾಗಿ ಹೇಳಿದ್ದರು: "ಆಟದ ಸಾಮಾನು ಕಣಯ್ಯ ಇದು. ಒಬ್ರು ಇದ್ರಲ್ಲಿ ಕಲಿತು ದೀಪ ಇಲ್ದೆ ನುಡಿಸ್ಲಿ, ಆಮೇಲೆ ನೋಡಾಣ."

ಲಕ್ಕೂರು ಡೇರಿಯಲ್ಲಿ ಹಾಲಿನ ಫ್ಯಾಟು ನೋಡುವ ಶಾಮಲಮ್ಮ ಭಾನುವಾರಗಳಲ್ಲಿ ಬಂದು ರಾಗಿ ಬೀಸುವ ಹಾಡೊಂದನ್ನು ಕಲಿತರು. ಹೋದ ತಿಂಗಳು ಮೇಷ್ಟ್ರ ಮುಂದೆ ಗಂಗುಲಪ್ಪ ದೀಪದ ಸೆಲ್ಲು ಕಿತ್ತಿಟ್ಟರು. ಶಾಮಲಮ್ಮ ಪೂರ್ತಿ ನುಡಿಸಿದರು.

ಮೇಷ್ಟ್ರು ಜಗ್ಗಲಿಲ್ಲ. "ಮನೇಲಿ ಅಜ್ಜಿ ಹಾಡಿದ್ದ ಕೇಳಿ ನುಡಿಸಿದಾಳೆ. ನಿನ್ ಗಿಟಾರೇನು ಕಲಿಸ್ತು? ಅದ್ಸರಿ, ಎರಡ್ನೇ ಸಾಲಲ್ಲಿ ಒಂದು ಸ್ವರ ಹೆಚ್ಚಿಗೆ ಯಾಕಮ್ಮ?"

"ಅಲ್ಲಿ ದೀಪ ಹತ್ತುತ್ತಲ್ಲ ಸಾರ್!"

ಗಂಗುಲಪ್ಪ ಗಾಬರಿಯಿಂದ ಪಟ್ಟಿ ಬಿಚ್ಚಿದರು. ರಾಗಿ ಗಂಜಿಯಲ್ಲಿ ಅಂಟಿಸಿದ ಕಡೆ ಇಲಿ ಕಡಿದು ಒಂದು ತೂತು ಮಾಡಿತ್ತು! ಬೇರೆಯವರು ಬರೆದುಕೊಟ್ಟ ಸ್ವರ ನೋಡಿ ತೂತು ಹೊಡೆಯುವ ಅವರ ಕಿವಿಗೆ ತಪ್ಪು ಸಿಕ್ಕಿರಲಿಲ್ಲ. ಮಾನ ಹೋಯಿತು ಅಂದುಕೊಂಡರು. ಮೇಷ್ಟ್ರು ಆ ತೂತಿಗೆ ಒಂದು ಕಣ್ಣಿಟ್ಟು ನೋಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಈ ಸ್ವರಾನ ಯಾವ ಅಜ್ಜಿನೂ ಹಾಡಿರಲ್ಲ. ಗಿಟಾರೇ ಕಲಿಸಿರೋದು. ಸೋಮವಾರ ತಗೊಂಡ್ಬಾರಯ್ಯ."

ಈಗ ಗಂಜಿಗೆ ಮೈಲುತುತ್ತ ಬೆರೆಯುತ್ತದೆ, ಇಲಿ ಮುಟ್ಟುವುದಿಲ್ಲ. ಹಳೇ ಪಟ್ಟಿ ಮಾತ್ರ ಗೋಡೆಯ ಮೊಳೆಯಲ್ಲಿ ಹಾಗೇ ನೇತಾಡುತ್ತಿದೆ. ಆ ತೂತು ಮುಚ್ಚುವುದಿಲ್ಲವೇ ಎಂದರೆ ಗಂಗುಲಪ್ಪ ಮೊದಲ ಬಾರಿಗೆ ತಲೆಯೆತ್ತುತ್ತಾರೆ.

"ಮುಚ್ಚಿದ್ರೆ ಹೆಂಗೆ? ನಾನು ಹೊಡೆದಿದ್ದು ನೂರಾ ನಲವತ್ತು ತೂತು, ಯಾರೂ ನಂಬ್ಲಿಲ್ಲ. ಇಲಿ ಹೊಡೆದಿದ್ದು ಒಂದೇ."