ಮಳೆ: ತುಂಬಾ ಕೆಟ್ಟಿದೆ

ಅಕ್ಕನ ಅಡುಗೆಮನೆಯಲ್ಲಿ ಓವನ್ನಿನ ದೀಪ ಉರಿಯುತ್ತಿತ್ತು, ಅಕ್ಕ ಎಲ್ಲೂ ಕಾಣುತ್ತಿರಲಿಲ್ಲ. ವಾರ್ತೆಯಣ್ಣನಿಗೆ ಅಷ್ಟೇ ಸಾಕಾಯಿತು. ಸಿಹಿ ಮುಟ್ಟಕೂಡದೆಂದು ಡಾಕ್ಟರು ಹೇಳಿದ್ದರು, ಮುಟ್ಟದಂತೆ ಹೆಂಡತಿ ಕಾವಲಿದ್ದಳು. ಆದರೆ ಆ ಇಬ್ಬರೂ ಸದ್ಯಕ್ಕೆ ಈ ಅಡುಗೆಮನೆಯಲ್ಲಿ ಇರಲಿಲ್ಲ. ಆತ ಸದ್ದಾಗದಂತೆ ಒಂದು ತಟ್ಟೆ ತೆಗೆದುಕೊಂಡ, ಒಂದು ಚಾಕು ಹುಡುಕಿಕೊಂಡ, ಕೇಕಿನ ತುಂಡು ಸಣ್ಣದೇ ಇರಲಿ ಎಂದು ಮನಸ್ಸಿಗೆ ತಾನೇ ಬುದ್ಧಿ ಹೇಳಿ ಓವನ್ನಿನ ಬಾಗಿಲು ತೆರೆದ.

ಒಳಗೆ ಜಾಲರಿಯ ಮೇಲೆ ಇಟ್ಟಿಗೆಗಳಂತೆ ದಪ್ಪಗೆ, ಕರ್ರಗೆ, ವಿಡಿಯೊ ಟೇಪುಗಳು ಸಾಲಾಗಿ ಮಲಗಿದ್ದವು.

"ಬಾಗಿಲು ಮುಚ್ಚೋ. ಬಿಸಿಯೆಲ್ಲ ಹೋಗುತ್ತೆ."

ತಿರುಗಿ ನೋಡಿದರೆ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದ ಅಕ್ಕ. ಅವಳ ಪಕ್ಕದಲ್ಲಿ ಕನ್ನಡಕದ ಒಬ್ಬ ಹೆಂಗಸು. ನಗರದ ಗ್ರಂಥಾಲಯದಿಂದ ಅಧಿಕಾರಿ ಬರುತ್ತಾರೆ, ನೀನೂ ಬಾ, ನೀನಿದ್ದರೆ ಮಾತಿಗೆ ತೂಕ ಬರುತ್ತೆ ಎಂದು ಅಕ್ಕ ಹಿಂದಿನ ದಿನ ಫೋನು ಮಾಡಿದ್ದು ಇವರ ವಿಷಯವಾಗಿಯೇ. ಈಗ ತೂಕ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಚಾಕು ಹಿಡಿದು ಇಂಗು ತಿಂದ ಮಂಗನ ಹಾಗೆ ನಿಂತಿತ್ತು.

"ಇವನೇ ನನ್ನ ತಮ್ಮ. ವಾರ್ತೆ ಓದ್ತಿದ್ದೋನು," ಎಂದಳು ಅಕ್ಕ. ತಟ್ಟೆಯ ಬಗ್ಗೆ, ಚಾಕುವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು.

"ಅಯ್ಯೋ, ಇವರನ್ನ ಪರಿಚಯ ಮಾಡಿಕೊಡಬೇಕಾ ಮೇಡಂ?" ಎಂದು ಅಧಿಕಾರಿ ಮುಖ ಅರಳಿಸಿದರು. "ನೋಡಿದ ತಕ್ಷಣ ಗುರುತು ಸಿಕ್ತು. ಸರ್, ನೆಲ ಒದ್ದೆ ಇದೆ, ನೋಡ್ಕೊಂಡು ಹೆಜ್ಜೆ ಇಡಿ."

ವಾರ್ತೆಯಣ್ಣನಿಗೆ ಹೋದ ಜೀವ ಬಂದಂತಾಯಿತು. ತಟ್ಟೆ ಕೆಳಗಿಟ್ಟು, ಕ್ರಾಪು ಸವರಿಕೊಂಡ. ಕ್ಯಾಮೆರಾದ ಕೆಂಪು ದೀಪ ಹತ್ತುವ ಮುಂಚೆ ಪ್ರತಿ ಸಂಜೆ ಹೀಗೆ ಸವರಿಕೊಂಡೇ ಆತ ಈ ನಗರಕ್ಕೆ ನಮಸ್ಕಾರ ಹೇಳಿದ್ದು. ಊರಿನದೇ ಚಾನೆಲ್ಲು, ಅರ್ಧ ಗಂಟೆಯ ಸುದ್ದಿ: ನೀರು ಯಾವ ಬಡಾವಣೆಗೆ ಬರುವುದಿಲ್ಲ, ಯಾವ ರಸ್ತೆ ಅಗೆದಿದ್ದಾರೆ, ಅಗೆದದ್ದನ್ನು ಮುಚ್ಚಲು ಯಾರು ಮರೆತಿದ್ದಾರೆ. ಚಾನೆಲ್ಲು ಮುಚ್ಚಿ ಬಹಳ ಕಾಲವಾಗಿತ್ತು. ಆದರೂ ಜನ ಈತನನ್ನು ಮರೆತಿರಲಿಲ್ಲ. ಬೀದಿಯಲ್ಲಿ ಕಂಡರೆ ಮುಖದ ತುಂಬ ನಗು. ಅದರಲ್ಲೂ ಮಳೆಗಾಲ ಬಂತೆಂದರೆ ತರಕಾರಿಯವನು "ಹುಷಾರು ಸಾರ್" ಎನ್ನುವನು, ಔಷಧಿ ಅಂಗಡಿಯವನು ಇಳಿದು ಬಂದು ಕೈಹಿಡಿದು ರಸ್ತೆ ದಾಟಿಸುವನು.

"ಧ್ವನಿ ಮೇಡಂ, ಧ್ವನಿ," ಎಂದು ಆತ ಅಧಿಕಾರಿಗೆ ವಿವರಿಸಿದ. "ನನ್ನ ಗಂಟಲಿಗೆ ಶೀತ ಆಗಬಾರದು ಅಂತ ಊರಿಗೆ ಊರೇ ಕಾಳಜಿ ಮಾಡ್ತಿತ್ತು."

ಅಧಿಕಾರಿ ಅಕ್ಕನ ಮುಖ ನೋಡಿದರು. ಅಕ್ಕ ಬಕೆಟ್ಟಿನೊಳಗೆ ನೋಡಿದಳು.

ಅಕ್ಕನಿಗೆ ಊರಲ್ಲಿದ್ದ ಹೆಸರು ಟೇಪಕ್ಕ. ಚಾನೆಲ್ಲಿನ ಕೆಲಸ ಕೊಡಿಸಿದವನು ತಾನೇ ಎಂದು ತಮ್ಮ ಹೇಳಿಕೊಳ್ಳುತ್ತಿದ್ದ, ಅವಳು ಅಲ್ಲವೆನ್ನುತ್ತಿರಲಿಲ್ಲ. ಆತ ಮೇಲಿನ ಮಹಡಿಯ ಸ್ಟುಡಿಯೊದಲ್ಲಿ ಪೌಡರು ಹಚ್ಚಿಕೊಂಡು ಕೂತಿದ್ದರೆ ಅವಳು ಕೆಳಗೆ ನೆಲಮಾಳಿಗೆಯಲ್ಲಿ. ಕೆಲಸ ಏನೆಂದರೆ ಸ್ಟುಡಿಯೊದವರು ಕೇಳಿದ ಟೇಪು ಮೇಲೆ ಕಳಿಸುವುದು, ಮಿಕ್ಕಂತೆ ಅಳಿಸುವುದು. ಹೊಸ ಟೇಪು ಕೊಳ್ಳುವುದೆಂದರೆ ಯಜಮಾನನಿಗೆ ಹಲ್ಲು ಕೀಳಿಸಿಕೊಂಡಂತೆ. ಆದ್ದರಿಂದ ಹಳೆಯ ಸುದ್ದಿಯನ್ನು ಅಳಿಸಿ ಅದರ ಮೇಲೇ ಹೊಸದನ್ನು ತುಂಬಬೇಕು. ನಗರದಲ್ಲಿ ನಡೆದದ್ದನ್ನೆಲ್ಲ ನಡೆದೇ ಇಲ್ಲವೆಂಬಂತೆ ಮಾಡಲು ಸಂಬಳ ಕೊಟ್ಟು ಇಟ್ಟುಕೊಂಡಿದ್ದ ಏಕೈಕ ಹೆಂಗಸು ಅವಳು.

ಅವಳು ಆ ಕೆಲಸವನ್ನು ಮಾಡಲಿಲ್ಲ. ಜಗಳವಾಡಲಿಲ್ಲ, ಅರ್ಜಿ ಕೊಡಲಿಲ್ಲ, ಸುಮ್ಮನೆ ಮಾಡಲಿಲ್ಲ. ಉಳಿಸಬೇಕೆನಿಸಿದ ಟೇಪಿನ ಡಬ್ಬಿಯ ಮೇಲೆ 'ಕೆಟ್ಟಿದೆ' ಎಂದು ಚೀಟಿ ಅಂಟಿಸಿದಳು. ಕೆಟ್ಟ ಟೇಪಿನ ಮೇಲೆ ಯಾರೂ ಹೊಸದನ್ನು ತುಂಬುವುದಿಲ್ಲ. ಕೆಟ್ಟದ್ದನ್ನು ಎಸೆಯೋಣವೆಂದರೆ ಅದಕ್ಕೆ ಯಜಮಾನನ ರುಜು ಬೇಕು, ಆತ ಎಸೆಯುವುದಕ್ಕೂ ಮನಸ್ಸು ಬಾರದ ಜಾತಿ. ಹಾಗೆ ಕಪಾಟಿನಿಂದ ಕಪಾಟಿಗೆ ಊರು ಉಳಿದುಕೊಂಡಿತು. ಇದನ್ನೆಲ್ಲ ಮಾಡುವಾಗ ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಿದ್ದಿಲ್ಲ. ಅವಳು ನಕ್ಕದ್ದನ್ನು ಆಫೀಸಿನಲ್ಲಿ ಯಾರೂ ನೋಡಿರಲಿಲ್ಲ. ತಮ್ಮ ನೋಡಿದ್ದ, ಆದರೆ ಅದು ಇಬ್ಬರೂ ಲಂಗ ಚಡ್ಡಿಯಲ್ಲಿ ಓಡಾಡುತ್ತಿದ್ದ ಕಾಲ. ಆಗ ಒಮ್ಮೆ ನಗಲು ಶುರುಮಾಡಿದರೆ ಬಿಕ್ಕಳಿಕೆ ಬರುವವರೆಗೂ ನಿಲ್ಲಿಸುತ್ತಿರಲಿಲ್ಲ.

ಈಗ ಕಟ್ಟಡ ಬೇರೆಯವರ ಪಾಲಾಗಿತ್ತು. ನೆಲಮಾಳಿಗೆಯಲ್ಲಿ ಸ್ಕೂಟರು ನಿಲ್ಲಿಸುತ್ತೇವೆ, ಮುಂದಿನ ವಾರದೊಳಗೆ ಖಾಲಿಯಾಗಬೇಕು ಎಂದು ಹೊಸ ಯಜಮಾನರು ಹೇಳಿಯಾಗಿತ್ತು. ಗುಜರಿಯವನು ಬಂದು ಕಣ್ಣಲ್ಲೇ ತೂಗಿ ಹೋಗಿದ್ದ. ಗ್ರಂಥಾಲಯದವರು ಒಪ್ಪಿದರೆ ಟೇಪು ಉಳಿದಂತೆ, ಒಪ್ಪದಿದ್ದರೆ ಗುಜರಿ.

"ಇದನ್ನ ಬೇಯಿಸ್ತೀರಲ್ಲ, ಯಾಕೆ?" ಎಂದು ಅಧಿಕಾರಿ ಓವನ್ನಿನೊಳಗೆ ಬಗ್ಗಿ ಕೇಳಿದರು.

"ಬೇಯಿಸಲ್ಲ, ಒಣಗಿಸ್ತೀನಿ. ಹಳೇ ಟೇಪು ತೇವ ಕುಡಿದು ಅಂಟಂಟಾಗಿರುತ್ತೆ. ಹಾಗೇ ಹಾಕಿದ್ರೆ ಮೆಷಿನ್ನಿಗೆ ಕಚ್ಚಿಕೊಂಡು ಹರಿಯುತ್ತೆ. ಸಣ್ಣ ಬಿಸಿಯಲ್ಲಿ ಬೆಳಗಿಂದ ಸಂಜೆವರೆಗೆ ಇಟ್ರೆ, ಆರಿದ ಮೇಲೆ ಕೆಲವು ದಿನ ಓಡುತ್ತೆ. ಅಷ್ಟರಲ್ಲಿ ಕಂಪ್ಯೂಟರಿಗೆ ಇಳಿಸಿಕೋಬೇಕು."

"ಮತ್ತೆ ಕೇಕು ಗೀಕು?" ಎಂದ ತಮ್ಮ, ತಡೆಯಲಾರದೆ.

"ಈ ಓವನ್ನಿನಲ್ಲಿ ತಿನ್ನೋದು ಏನೂ ಮಾಡಿಲ್ಲ. ನಿನ್ನ ಮೂಗಿಗೆ ಬಿಟ್ರೆ ಬೇರೆ ಯಾರಿಗೂ ಇಲ್ಲಿ ಕೇಕಿನ ವಾಸನೆ ಬಂದಿಲ್ಲ."

ಮೂವರೂ ಚಾನೆಲ್ಲಿನ ನೆಲಮಾಳಿಗೆಗೆ ಹೋದರು. ತಗ್ಗಿನ ಸೂರು, ಒಂದು ಟ್ಯೂಬ್‌ಲೈಟು, ಕಬ್ಬಿಣದ ಕಪಾಟುಗಳು, ಮೂಲೆಯ ಮೇಜಿನ ಮೇಲೆ ಟೇಪು ಓಡಿಸುವ ಮೆಷಿನ್ನು ಮತ್ತು ಒಂದು ಟಿವಿ. ಅಧಿಕಾರಿ ಕಪಾಟಿನ ಉದ್ದಕ್ಕೂ ಚೀಟಿಗಳನ್ನು ಓದುತ್ತಾ ಹೋದರು. ಕೆಟ್ಟಿದೆ. ಕೆಟ್ಟಿದೆ. ಸ್ವಲ್ಪ ಕೆಟ್ಟಿದೆ. ಕೆಟ್ಟಿದೆ. ಹೋಗುತ್ತಾ ಹೋಗುತ್ತಾ ಅವರ ನಡಿಗೆ ನಿಧಾನವಾಯಿತು.

"ಮೇಡಂ... ಇದೆಲ್ಲಾ ಕೆಟ್ಟು ಹೋಗಿದ್ಯಲ್ಲಾ?"

"ಕೆಟ್ಟಿದೆ ಅಂತ ಬರೆದಿದ್ದೇ ಚೆನ್ನಾಗಿರೋದು."

"ಹಾಗಾದ್ರೆ ಆ ಮೂಲೇಲಿ 'ಚೆನ್ನಾಗಿದೆ' ಅಂತ ಇರೋದು?"

"ಅದು ಕೆಟ್ಟಿದೆ. ಯಜಮಾನ್ರು ಕೇಳಿದಾಗ ತೋರಿಸೋಕೆ ಇಟ್ಟಿದ್ದೆ."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಇದನ್ನು ಮೇಲಿನವರಿಗೆ ಹೇಗೆ ಹೇಳುವುದೆಂಬ ಯೋಚನೆ ಅವರ ಹಣೆಯ ಮೇಲೆ ಕಾಣುತ್ತಿತ್ತು. ಕೊನೆಗೆ, "ಒಂದನ್ನ ಹಾಕಿ ನೋಡೋಣ. ನಾನೇ ಆರಿಸ್ತೀನಿ. ಓಡಿದ್ರೆ ಎಲ್ಲಾ ತಗೊಳ್ಳೋಣ ಅಂತ ಮೇಲಿನವರಿಗೆ ಹೇಳ್ತೀನಿ," ಎಂದರು. ಒಣಗಿಸಿ ಆರಿಸಿಟ್ಟಿದ್ದ ಟೇಪುಗಳ ಪೆಟ್ಟಿಗೆಗೆ ಕೈಹಾಕಿ ಒಂದನ್ನು ಎತ್ತಿ ಓದಿದರು: "ಮಳೆ. ತುಂಬಾ ಕೆಟ್ಟಿದೆ."

"ಅದು ಬೇಡ, ಬೇರೆ ತಗೊಳ್ಳಿ," ಎಂದಳು ಅಕ್ಕ. ಅವಳ ಬಾಯಲ್ಲಿ ಅವಸರದ ಮಾತು ಬಂದದ್ದು ಅದೇ ಮೊದಲು.

ವಾರ್ತೆಯಣ್ಣ ಮಾತಿಗೆ ತೂಕ ಕೊಡಬೇಕಾದ ಹೊತ್ತು ಇದೇ ಎಂದು ತಿಳಿದ. "ಹೆದರ್ತೀಯಾ ಯಾಕಕ್ಕಾ? ನಾನಿದ್ದೀನಲ್ಲ. ಹಾಕು. ಮಳೆ ಸುದ್ದಿ ನಾನು ಓದಿದಷ್ಟು ಈ ಊರಲ್ಲಿ ಯಾರೂ ಓದಿಲ್ಲ. ಯಾವ ವರ್ಷದ ಮಳೆ ಅಂತ ನೋಡಿದ ಕೂಡಲೇ ಹೇಳ್ತೀನಿ."

ನಿಜ ಹೇಳಬೇಕೆಂದರೆ ಆತ ಓದಿದ್ದ ಸುದ್ದಿಯ ಒಂದು ಚಿತ್ರವನ್ನೂ ನೋಡಿರಲಿಲ್ಲ. ಸ್ಟುಡಿಯೊದಲ್ಲಿದ್ದ ಒಂದೇ ಒಂದು ಟಿವಿ ಆತನ ಬೆನ್ನ ಹಿಂದಿತ್ತು. ಆತ ಕ್ಯಾಮೆರಾ ನೋಡುತ್ತಾ ಓದುವನು, ಚಿತ್ರ ಹಿಂದಿನಿಂದ ಹೋಗುವುದು. ಸುದ್ದಿ ನೇರ ಪ್ರಸಾರ, ಮರುಪ್ರಸಾರವಿಲ್ಲ. ಮುಗಿಸಿ ಮನೆಗೆ ಬರುವಷ್ಟರಲ್ಲಿ ಹೆಂಡತಿ ಧಾರಾವಾಹಿ ಹಚ್ಚಿರುತ್ತಿದ್ದಳು.

ಅಕ್ಕ ತಮ್ಮನ ಮುಖವನ್ನು ಒಂದು ಸಲ ನೋಡಿ ಟೇಪು ಹಾಕಿದಳು.

ಮೊದಲು ಗೆರೆಗಳು, ಆಮೇಲೆ ಮಳೆ. ಚಾನೆಲ್ಲಿನ ಆಫೀಸಿನ ಕಿಟಕಿಯಿಂದ ಹಿಡಿದ ಚಿತ್ರ. ಇದ್ದ ಒಂದೇ ಕ್ಯಾಮೆರಾ ನೆನೆಯಬಾರದೆಂದು ಮಳೆಯನ್ನು ಒಳಗಿನಿಂದಲೇ ಹಿಡಿಯುವ ಪದ್ಧತಿ. ಕೆಳಗೆ ನದಿಯಾಗಿದ್ದ ರಸ್ತೆ. ಅದರ ಅಂಚಿನಲ್ಲಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡ ಒಬ್ಬ ಮನುಷ್ಯ. ಆತನ ಕೊಡೆ ಗಾಳಿಗೆ ತಿರುಗಿ ಹೂದಾನಿಯಂತಾಗಿತ್ತು. ಆತ ಬಹಳ ಗಂಭೀರವಾಗಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕೆಳಕ್ಕೆ ಮಾತ್ರ ನೋಡಲಿಲ್ಲ. ಒಂದು ಹೆಜ್ಜೆ ಮುಂದಿಟ್ಟ. ಮರುಕ್ಷಣ ಮನುಷ್ಯ ಇರಲಿಲ್ಲ, ಕೊಡೆ ಮಾತ್ರ ಇತ್ತು. ಕೊಡೆಯ ಕೆಳಗೆ ಮೆಲ್ಲಗೆ ಒಂದು ತಲೆ ಎದ್ದಿತು. ಎದ್ದ ತಲೆಯ ಒಡೆಯ ಎಲ್ಲಕ್ಕಿಂತ ಮೊದಲು ಮಾಡಿದ ಕೆಲಸ ಕ್ರಾಪು ಸವರಿಕೊಂಡದ್ದು.

ಆ ಕೈಯನ್ನು ನೋಡುತ್ತಲೇ ವಾರ್ತೆಯಣ್ಣನ ಕೈ ತನ್ನ ತಲೆಯ ಮೇಲಿಂದ ಕೆಳಗಿಳಿಯಿತು.

"ಇದೇ! ಇದೇ!" ಅಧಿಕಾರಿ ಚಪ್ಪಾಳೆ ತಟ್ಟಿದರು. "ಹೊರಗೆ ಮಳೆ ಶುರುವಾದ್ರೆ ಸಾಕು ಸರ್, ನಾವು ಮಕ್ಕಳೆಲ್ಲ ಟಿವಿ ಮುಂದೆ ಓಡ್ತಿದ್ವಿ. ಇವತ್ತು ವಾರ್ತೆಯಲ್ಲಿ ನೀವು ಬೀಳ್ತೀರಾ ಅಂತ. ಮುಂದೆ ನೀವು 'ಜನಜೀವನ ಅಸ್ತವ್ಯಸ್ತ' ಅಂತ ಓದೋದು, ಹಿಂದೆ ನೀವೇ ಮುಳುಗೋದು. ಪ್ರತಿ ವರ್ಷ!"

ಆತ ಹೊರಗೆ ಮೆಟ್ಟಿಲ ಬಳಿ ಹೋಗಿ ಹೆಂಡತಿಗೆ ಫೋನು ಮಾಡಿದ.

"ನಿನಗೆ ಗೊತ್ತಿತ್ತಾ?"

"ಯಾವುದು ರೀ? ಮಳೆದಾ?"

"ಹಾಗಾದ್ರೆ ಗೊತ್ತಿತ್ತು! ಒಂದು ಮಾತು ಹೇಳಬಾರದಿತ್ತಾ?"

"ಜನ ನಗ್ತಾರೆ, ಕೈಹಿಡಿದು ದಾಟಿಸ್ತಾರೆ ಅಂತ ಅಷ್ಟು ಖುಷಿಯಾಗಿದ್ರಿ. ನಾನ್ಯಾಕೆ ಕೆಡಿಸಲಿ? ಅವತ್ತು ತೊಪ್ಪೆಯಾಗಿ ಮನೆಗೆ ಬಂದು ಸ್ಕೂಟರಿನವನು ನೀರು ಎರಚಿದ ಅಂದ್ರಲ್ಲ, ಅದನ್ನೂ ನಂಬಿದ ಹಾಗೆ ಇದ್ದೆ. ಬರ್ತಾ ಈರುಳ್ಳಿ ತನ್ನಿ. ಅಕ್ಕನ ಮನೇಲಿ ಏನೂ ತಿನ್ನಬೇಡಿ."

ಒಳಗೆ ಬಂದಾಗ ಅಧಿಕಾರಿಯ ಮುಖ ಗಂಭೀರವಾಗಿತ್ತು. ಅಕ್ಕ ಅವರಿಗೆ ಏನೋ ಹೇಳಿದ್ದಳು.

"ಸರ್, ನಮ್ಮಲ್ಲಿ ಒಂದು ನಿಯಮ ಇದೆ. ಚಿತ್ರದಲ್ಲಿರೋರಿಗೆ ಇಷ್ಟ ಇಲ್ಲ ಅಂದ್ರೆ ನಾವು ಇಡಲ್ಲ. ಬೇಡ ಅನ್ನಿ, ತೆಗೆದುಬಿಡ್ತೀವಿ. ಆದ್ರೆ..." ಎಂದು ತಡವರಿಸಿದರು. "ನಮ್ಮ ಮೇಲಿನವರಿಗೆ ನಿಮ್ಮ ಚಾನೆಲ್ಲು ಅಂದ್ರೆ ನೆನಪಿರೋದು ಇದೊಂದೇ. ಇದನ್ನ ತೋರಿಸಿದ್ರೆ ಉಳಿದಿದ್ದಕ್ಕೂ ಹೂಂ ಅಂತಾರೆ. ಇದಿಲ್ಲದೆ 'ಕೆಟ್ಟಿದೆ' ಅಂತ ಬರೆದಿರೋ ಇಷ್ಟೊಂದು ಡಬ್ಬಿ ತಗೊಂಡು ಹೋದ್ರೆ, ನನ್ನನ್ನೇ ಹೊರಗೆ ಕಳಿಸ್ತಾರೆ."

ಒಟ್ಟಿನಲ್ಲಿ ಗುಜರಿಗೂ ಗ್ರಂಥಾಲಯಕ್ಕೂ ನಡುವೆ ಇದ್ದದ್ದು ವಾರ್ತೆಯಣ್ಣ ಬಿದ್ದ ಒಂದು ಹೊಂಡ.

"ಹಾಗಿದ್ರೆ ನನ್ನ ಧ್ವನಿ ಇರೋ ಟೇಪು ತೋರಿಸಿ," ಎಂದ ಆತ. "ಆಯುಷ್ಯವೆಲ್ಲ ಓದಿದ್ದೀನಿ. ಒಂದು ಒಳ್ಳೇದು ಹುಡುಕಕ್ಕಾ."

"ನಿನ್ನ ಧ್ವನಿ ಟೇಪಿನಲ್ಲಿಲ್ಲ ಕಣೋ. ಟೇಪಿನಲ್ಲಿರೋದು ಚಿತ್ರ, ಅಲ್ಲಿನ ಸದ್ದು. ಪ್ರಸಾರದಲ್ಲಿ ಆ ಸದ್ದು ಮುಚ್ಚಿ ಚಿತ್ರ ಮಾತ್ರ ಬಿಡ್ತಿದ್ರು. ನೀನು ಓದ್ತಿದ್ದದ್ದು ನೇರ."

"ಅಂದ್ರೆ?"

"ಅಂದ್ರೆ ಹೋಯ್ತು."

ಆತ ಕುರ್ಚಿಯ ಮೇಲೆ ಕೂತ. ಅಷ್ಟು ವರ್ಷದ ಗಂಟಲು ಗಾಳಿಗೆ ಹೋಗಿ, ಉಳಿದದ್ದು ಇದೊಂದು ಮುಳುಗು. ಬೇಡ ಎನ್ನಲು ಬಾಯಿ ತೆರೆದ. ಅಕ್ಕ ಕಪಾಟಿಗೆ ಒರಗಿ ನಿಂತಿದ್ದಳು. ಬೇಡಿಕೊಳ್ಳಲಿಲ್ಲ, ಅವಳಿಗೆ ಅದು ಬರುತ್ತಿರಲಿಲ್ಲ. ಆದರೆ ಸದಾ ಏನಾದರೊಂದು ಒರೆಸುತ್ತಲೋ ಸುತ್ತುತ್ತಲೋ ಇರುತ್ತಿದ್ದ ಅವಳ ಕೈಗಳು ಈಗ ಎಲ್ಲಿರಬೇಕೆಂದು ತಿಳಿಯದೆ, ಒಂದು ಡಬ್ಬಿಯ ಚೀಟಿಯ ಮೂಲೆಯನ್ನು ಸುಮ್ಮನೆ ಒತ್ತುತ್ತಿದ್ದವು.

"ಇನ್ನೊಂದು ಸಲ ಹಾಕು," ಎಂದ ತಮ್ಮ.

ಈ ಸಲ ಆತ ಕಣ್ಣು ಮುಚ್ಚಿಕೊಂಡ. ಬೀಳುವುದನ್ನು ನೋಡುವ ಧೈರ್ಯವಿರಲಿಲ್ಲ. ಹಾಗಾಗಿ ಮೊದಲ ಸಲ ಕಿವಿಗೆ ಬೀಳದ್ದು ಈಗ ಬಿತ್ತು. ಮಳೆಯ ಸದ್ದಿನ ನಡುವೆ, ಕಿಟಕಿಯ ಒಳಗಡೆ, ಕ್ಯಾಮೆರಾದ ಪಕ್ಕದಲ್ಲೇ ಯಾರೋ ಹೆಂಗಸು ನಗುತ್ತಿದ್ದಳು. ತಡೆಯಲು ನೋಡಿ ಆಗದೆ ಇನ್ನೂ ಜೋರಾಗಿ ನಗುತ್ತಿದ್ದಳು. ನಕ್ಕು ನಕ್ಕು ಕೊನೆಗೆ ಬಿಕ್ಕಳಿಕೆ ಬಂತು.

"ನಗ್ತಿರೋದು ಯಾರು?" ಎಂದು ಅಧಿಕಾರಿ ಕೇಳಿದರು.

"ಆಫೀಸಿನಲ್ಲಿ ಬೇಕಾದಷ್ಟು ಜನ ಇದ್ರು," ಎಂದು ಅಕ್ಕ ಮೆಷಿನ್ನಿನ ಗುಂಡಿಯೊಂದನ್ನು ಒರೆಸಿದಳು.

ವಾರ್ತೆಯಣ್ಣ ಕಣ್ಣು ತೆರೆದ. ಸ್ವಲ್ಪ ಹೊತ್ತು ಟಿವಿಯನ್ನು ನೋಡಿದ, ಸ್ವಲ್ಪ ಹೊತ್ತು ಗುಂಡಿಯನ್ನು ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದ: "ಇಟ್ಕೊಳ್ಳಿ. ಆದ್ರೆ ಒಂದು ಷರತ್ತು. ಅದರ ಜೊತೆ ನನ್ನ ಧ್ವನಿಯೂ ಇರಬೇಕು. ಈಗ ಓದ್ತೀನಿ. ಆ ನಗು ಮುಚ್ಚಿಹೋಗದ ಹಾಗೆ ಸೇರಿಸಬೇಕು."

ಮೈಕು ಸಿಕ್ಕಿತು. ಆತ ಮೊದಲ ಸಲ ಚಿತ್ರದ ಕಡೆ ಮುಖ ಮಾಡಿ ಕೂತು ನಗರಕ್ಕೆ ನಮಸ್ಕಾರ ಹೇಳಿದ. ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತು, ಜನಜೀವನ ಅಸ್ತವ್ಯಸ್ತವಾಯಿತು. ಪರದೆಯ ಮೇಲೆ ಮುಳುಗುವಾಗ ಧ್ವನಿ ಒಂದಿಷ್ಟೂ ಅಲುಗಲಿಲ್ಲ. ಕ್ರಾಪು ಸವರಿಕೊಳ್ಳುವ ಹೊತ್ತಿಗೆ ಮಾತ್ರ ಕೈ ತಾನಾಗಿ ಮೇಲೆದ್ದು, ಪರದೆಯ ಕೈಯ ಜೊತೆಗೇ ಇಳಿಯಿತು.

ಅಧಿಕಾರಿ ವ್ಯಾನು ತರಿಸಲು ಮೇಲೆ ಹೋದರು. ಅಕ್ಕ ಟೇಪನ್ನು ಡಬ್ಬಿಗೆ ಸೇರಿಸಿ, ಚೀಟಿಯನ್ನು ಹಾಗೇ ಬಿಟ್ಟು, ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲಿಟ್ಟಳು.

"ಅಲ್ಲಕ್ಕಾ," ಎಂದ ತಮ್ಮ, "ಸ್ಟುಡಿಯೊದಿಂದ 'ಮಳೆ ಕಳಿಸಿ' ಅಂತ ಫೋನು ಬಂದಾಗಲೆಲ್ಲ ಇದನ್ನೇ ಕಳಿಸ್ತಿದ್ಯಲ್ಲ. ಇಷ್ಟು ದೊಡ್ಡ ನೆಲಮಾಳಿಗೆಯಲ್ಲಿ ನಿನ್ನ ಹತ್ರ ಬೇರೆ ಮಳೆ ಟೇಪು ಒಂದೂ ಇರಲಿಲ್ವಾ?"

"ಇತ್ತು," ಎಂದಳು ಅಕ್ಕ. "ಅದರಲ್ಲಿ ಬರೀ ಮಳೆ ಇತ್ತು."