ಕಂಪ್ರೆಸರ್ ಬಿಟ್ಟು ಉಳಿದದ್ದಕ್ಕೆಲ್ಲ ಗ್ಯಾರಂಟಿ

ಫ್ರಿಜ್ ರಿಪೇರಿಯವನು ಸೋಮವಾರ ಮಧ್ಯಾಹ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಲ್ಲೇ ತೀರಿಕೊಂಡ. ಹೃದಯಾಘಾತ. ಅವನ ಆರೋಗ್ಯವಿಮೆ ಹೃದಯವೊಂದನ್ನು ಬಿಟ್ಟು ಮೈಯಲ್ಲಿದ್ದ ಉಳಿದೆಲ್ಲಕ್ಕೂ ಇತ್ತು.

ಬೀದಿಯವರಿಗೆಲ್ಲ ಅವನು ಫ್ರಿಜ್ಜಣ್ಣ. ಬಾಗಿಲು ಕಳಚಿದ ಫ್ರಿಜ್‌ಗಳ ನಡುವೆ ಏಡಿಯ ಹಾಗೆ ಅಡ್ಡಡ್ಡ ನಡೆದೇ ಅವನ ಅಂಗಡಿಯೊಳಗೆ ಹೋಗಬೇಕು. ಗಿರಾಕಿಗಳಿಗೆ ಅವನದು ಒಂದೇ ಮಾತು: ಬಾಗಿಲು, ರಬ್ಬರು, ದೀಪ, ಎಲ್ಲಕ್ಕೂ ಗ್ಯಾರಂಟಿ ಇದೆ, ಹಳೇ ಕಂಪ್ರೆಸರ್ ವಿಷಯ ಮಾತ್ರ ಕೇಳಬೇಡಿ.

ರಕ್ತನಾಳ ಕಟ್ಟಿಕೊಂಡಿದೆ, ಇವತ್ತಲ್ಲ ನಾಳೆ ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದ ಮೇಲೆ ಹೆಂಡತಿ ವಿಮೆಗಾಗಿ ಬೆನ್ನುಬಿದ್ದಳು. ಅಷ್ಟು ದುಡ್ಡು ಅವರ ಹತ್ತಿರ ಇರಲಿಲ್ಲ. ಎದೆಯ ಮಾತೆತ್ತಬೇಡಿ ಎಂದು ದಾರಿಯುದ್ದಕ್ಕೂ ಪಾಠ ಹೇಳಿಯೇ ಕರೆದೊಯ್ದಳು. ವಿಮೆ ಕಚೇರಿಯ ಹೆಂಗಸು "ಹೇಗಿದ್ದೀರಿ?" ಎಂದು ಬರೀ ಮಾತಿಗೆ ಕೇಳಿದ್ದೇ ತಡ, ಇವನು ಎಲ್ಲವನ್ನೂ ಒದರಿಬಿಟ್ಟ. ಗೊರಕೆಯನ್ನೂ ಬಿಡಲಿಲ್ಲ.

ಮೊದಲೇ ಇರುವ ಕಾಯಿಲೆಯ ಖರ್ಚು ಸಿಗಬೇಕಾದರೆ ಮೂರು ವರ್ಷ ಕಾಯಬೇಕು ಎಂದಳಾಕೆ. ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದರೆ ಬಿಡಿಗಾಸೂ ಬರುವುದಿಲ್ಲ ಎಂದೂ ಸೇರಿಸಿದಳು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಹೆಂಡತಿ ಬಾಯಿ ಬಿಟ್ಟಳು. "ನಿಮ್ಮ ಹೊಟ್ಟೇಲಿ ಕಲ್ಲಾದ್ರೂ ಕರಗುತ್ತೆ, ಮಾತು ಮಾತ್ರ ನಿಲ್ಲಲ್ಲ."

"ಸತ್ಯವಂತ ಅಂದ್ಕೋಬೇಡ ಕಣೇ. ಸುಳ್ಳು ನೆನಪಿಟ್ಕೊಳ್ಳೋಕೂ ತಲೆ ಬೇಕಲ್ಲ," ಅಂದ ಅವನು. ಆಮೇಲೆ ತನ್ನಷ್ಟಕ್ಕೇ ನಕ್ಕ. "ಇಷ್ಟು ವರ್ಷ ನಾನು ಗಿರಾಕಿಗಳಿಗೆ ಹೇಳಿದ್ದನ್ನೇ ಅವಳು ನನಗೆ ಹೇಳಿದ್ಲು. ಬಾಗಿಲು, ರಬ್ಬರು, ದೀಪ ಎಲ್ಲ ಸರಿಯಂತೆ."

ಅಂದಿನಿಂದ ಮೂರು ವರ್ಷ ತಳ್ಳುವುದೇ ಅವನ ಮುಖ್ಯ ಕಸುಬಾಯಿತು. ಭಾರ ಎತ್ತುವುದನ್ನು ಬಿಟ್ಟ, ಬೀಡಿ ಬಿಟ್ಟ. ಹೆಂಡತಿಯ ಜೊತೆ ವಾದ ಮಾಡುವುದನ್ನೂ ಬಿಟ್ಟ. ಗೆದ್ದದ್ದಂತೂ ಎಂದೂ ಇರಲಿಲ್ಲವಾದ್ದರಿಂದ ನಷ್ಟವೇನಿಲ್ಲ ಎನ್ನುತ್ತಿದ್ದ. ಗೆಳೆಯರು ಹೇಗಿದ್ದೀಯಪ್ಪಾ ಅಂದರೆ, ಓಡ್ತಿದೆ, ಸದ್ದು ಸ್ವಲ್ಪ ಜಾಸ್ತಿ, ಎಂದು ಎದೆ ತಟ್ಟಿ ತೋರಿಸುತ್ತಿದ್ದ. ಗಡುವಿಗೆ ಇನ್ನೆರಡು ತಿಂಗಳಿತ್ತು. ಆಸ್ಪತ್ರೆಗೆ ಒಯ್ಯಲು ಹೆಂಡತಿ ಹೊಸ ಟವೆಲ್ ಕೂಡ ತಂದಿಟ್ಟಿದ್ದಳು.

ಆ ಸೋಮವಾರ ಹಿಂದಿನ ಬೀದಿಯ ಅಜ್ಜಿ ತನ್ನ ಫ್ರಿಜ್ ಒಯ್ಯಲು ಬಂದಳು. ಅದು ಅಜ್ಜಿಯಷ್ಟೇ ಹಳೆಯದು; ಅವಳ ಇನ್ಸುಲಿನ್ ಅದರಲ್ಲೇ ಇರಬೇಕು. ಕಂಪ್ರೆಸರ್ ಇನ್ನೆಷ್ಟು ದಿನ ಬಾಳುತ್ತೆ ಎಂದು ಹೆದರುತ್ತಲೇ ಕೇಳಿದಳು; ಅವನ ಉತ್ತರ ಊರಿಗೆಲ್ಲ ಗೊತ್ತಿದ್ದದ್ದೇ.

ಅವನು ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡು ಫ್ರಿಜ್ಜಿನ ಬೆನ್ನಿಗೆ ಕಿವಿಯಿಟ್ಟ. ಗುರ್ ಎನ್ನುತ್ತಿತ್ತು. ಸ್ವಲ್ಪ ಹೊತ್ತು ಹಾಗೇ ಕೇಳುತ್ತ ಕೂತ.

"ಒಂದು ವರ್ಷ ಗ್ಯಾರಂಟಿ, ಅಜ್ಜಿ. ಕಂಪ್ರೆಸರ್ ಸೇರಿಸಿ," ಅಂದ. "ಕೆಟ್ಟರೆ ನಾನೇ ಬರ್ತೀನಿ."